ಚರ್ಮದ ಕೆಳಗೊಂದು ಗಂಟು

ಕೇಳುಗರೇ, ನಮಸ್ಕಾರ.

ಸ್ನಾನ ಮಾಡುವಾಗ ತೋಳಿಗೋ ಬೆನ್ನಿಗೋ ಕೈ ತಗುಲುತ್ತದೆ. ಒಳಗೆ ಮೆತ್ತಗೆ ಒಂದು ಗಂಟು. ನೋವಿಲ್ಲ, ಒತ್ತಿದರೆ ಜಾರುತ್ತದೆ. ಅವತ್ತು ರಾತ್ರಿ ನಿದ್ದೆ ಹತ್ತುವುದಿಲ್ಲ, ಅಲ್ವಾ? ಸ್ಕ್ಯಾನಿಂಗ್ ಕೋಣೆಗೆ ಬರುವವರ ಮುಖದಲ್ಲಿ ಆ ಭಯ ನನಗೆ ದಿನವೂ ಕಾಣುತ್ತದೆ. ಇಂಥ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಗಂಟು ಎಷ್ಟು ಆಳದಲ್ಲಿದೆ ಅನ್ನುವುದು ಮಾತ್ರ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಅದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಇದರಲ್ಲಿ ಎಕ್ಸ್‌ರೇ ಇಲ್ಲ, ಕಿವಿಗೆ ಕೇಳಿಸದ ಶಬ್ದದ ಅಲೆ ಅಷ್ಟೇ. ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಓಡಿ, ಪದರ ಬದಲಾದಲ್ಲೆಲ್ಲ ಸ್ವಲ್ಪ ಸ್ವಲ್ಪ ವಾಪಸು ಬರುತ್ತದೆ. ನಡುವೆ ಗಾಳಿ ಸಿಕ್ಕರೆ ಒಳಗೆ ಇಳಿಯುವುದೇ ಇಲ್ಲ. ಅದಕ್ಕೇ ಆ ತಣ್ಣನೆಯ ಜೆಲ್ ಹಚ್ಚುವುದು.

ಪರದೆಯಲ್ಲಿ ಮೇಲೆ ಚರ್ಮ, ಕೆಳಗೆ ಕೊಬ್ಬು, ಆಮೇಲೊಂದು ಬಿಳಿ ಗೆರೆ, ಅಂದರೆ ಮಾಂಸಖಂಡದ ಮೇಲಿನ ಹೊದಿಕೆ, ಅದರಡಿ ಮಾಂಸಖಂಡ. ನನ್ನ ಕಣ್ಣು ಮೊದಲು ಹುಡುಕುವುದು ಆ ಬಿಳಿ ಗೆರೆಯನ್ನು. ಗಂಟು ಅದಕ್ಕಿಂತ ಮೇಲಿದ್ದರೆ ಅರ್ಧ ಸಮಾಧಾನ.

ಎಲ್ಲಕ್ಕಿಂತ ಜಾಸ್ತಿ ಸಿಗುವುದು ಕೊಬ್ಬಿನ ಗಂಟು, ಲೈಪೋಮಾ. ಚರ್ಮದುದ್ದಕ್ಕೂ ಮಲಗಿದ ಮೊಟ್ಟೆಯ ಹಾಗಿರುತ್ತದೆ. ಒಳಗೆ ಅಡ್ಡಡ್ಡ ತೆಳು ಬಿಳಿ ಎಳೆಗಳು. ಮೈಮೇಲೆ ಆಡಿಸುವ ಸ್ಕ್ಯಾನಿಂಗ್ ಹಿಡಿ, ಅಂದರೆ ಪ್ರೋಬ್, ಒತ್ತಿದರೆ ಚಪ್ಪಟೆಯಾಗುತ್ತದೆ. ರಕ್ತದ ಓಟವನ್ನು ತೋರಿಸುವ ಡಾಪ್ಲರ್ ಹಾಕಿದರೂ ಇದರೊಳಗೆ ಓಟ ಕಾಣುವುದು ಅಪರೂಪ. ಆಗ ಕೈ ಹಗುರವಾಗಿರಬೇಕು. ಒತ್ತಿದರೆ ಸಣ್ಣ ರಕ್ತನಾಳ ಮುಚ್ಚಿಕೊಂಡು, ಇರುವ ಓಟವೂ ಕಾಣದೆ ಹೋಗುತ್ತದೆ. ಕಿರಿಯರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಎಪಿಡರ್ಮಾಯ್ಡ್ ಸಿಸ್ಟ್, ಅಂದರೆ ಚರ್ಮದ ಪುಟ್ಟ ಚೀಲದಂಥ ಗಂಟು, ಚರ್ಮಕ್ಕೇ ಅಂಟಿಕೊಂಡಿರುತ್ತದೆ. ದಯವಿಟ್ಟು ಅದನ್ನು ಹಿಸುಕಬೇಡಿ. ಒಳಗೇ ಒಡೆದರೆ ಕೆಂಪಗೆ ಊದಿ ಕಾಟ ಕೊಡುತ್ತದೆ. ನರದ ಗಂಟಾದರೆ ಒತ್ತಿದಾಗ ಜುಮ್ ಎನ್ನಬಹುದು. ಪರದೆಯಲ್ಲಿ ಎರಡು ತುದಿಗೂ ನರ ಬಾಲದಂತೆ ಸೇರಿರುವುದು ಕೆಲವೊಮ್ಮೆ ಚೆನ್ನಾಗಿ ಕಾಣುತ್ತದೆ.

ಎಲ್ಲ ಗಂಟಿಗೂ ಸ್ಕ್ಯಾನಿಂಗ್‌ನಲ್ಲೇ ಹೆಸರು ಸಿಗುವುದಿಲ್ಲ. 5 ಸೆಂಟಿಮೀಟರಿಗಿಂತ ದೊಡ್ಡದು, ಬಿಳಿ ಗೆರೆಯ ಕೆಳಗಿರುವುದು, ಬೇಗ ಬೆಳೆಯುತ್ತಿರುವುದು, ತೆಗೆಸಿದ ಮೇಲೂ ಮತ್ತೆ ಬಂದದ್ದು, ಇಂಥವನ್ನು ಬಿಡಬಾರದು. ಎಂಆರ್‌ಐ ಬೇಕಾಗಬಹುದು, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೂ ಕಳಿಸಬೇಕಾಗಬಹುದು. ನೋವಿಲ್ಲವಲ್ಲ ಅಂತ ಸುಮ್ನೆ ಕೂರಬೇಡಿ. ಕೆಟ್ಟ ಗಂಟೂ ಎಷ್ಟೋ ಸಲ ನೋಯುವುದಿಲ್ಲ.

ಬರುವಾಗ ಗಂಟು ಯಾವಾಗ ಕಂಡಿತು, ಆಮೇಲೆ ಬೆಳೆದಿದೆಯಾ ಅನ್ನುವುದನ್ನು ನೆನಪು ಮಾಡಿಕೊಂಡು ಬನ್ನಿ. ನಿಂತಾಗ ಮಾತ್ರ ಕೈಗೆ ಸಿಗುವ ಗಂಟಾದರೆ ಅದನ್ನೂ ಹೇಳಿ. ನಿಲ್ಲಿಸಿಯೇ ನೋಡುತ್ತೇವೆ.