ಕಡಲ ಊರಿನಲ್ಲಿ ನೀರಿಗೂ ಜಾಗ ಬೇಕು

ಎಲ್ಲರಿಗೂ ನಮಸ್ಕಾರ.

ಕಡಲತೀರದ ನಗರ, ಹವಾಮಾನ ಬದಲಾವಣೆ ಅಂತ ಮಾತು ಶುರುವಾದ ಕೂಡಲೇ ನಮ್ಮ ಮನಸ್ಸು ತಡೆಗೋಡೆಯ ಕಡೆ ಓಡುತ್ತದೆ. ಎಷ್ಟು ಎತ್ತರ ಕಟ್ಟಬೇಕು, ಎಷ್ಟು ಕಲ್ಲು ಬೇಕು, ದುಡ್ಡು ಯಾರು ಕೊಡುತ್ತಾರೆ. ಗೋಡೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಪಂಪಿನ ವಿಷಯ ಹೇಳಬೇಕು.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಅಪ್ಪಳಿಸಿತು. ಕಡಲ ನೀರು ಬೀದಿಗೆ ನುಗ್ಗಿತು. ವಿದ್ಯುತ್ ಉಪಕೇಂದ್ರ ಮುಳುಗಿ ಮ್ಯಾನ್‌ಹಟನ್‌ನ ದಕ್ಷಿಣ ಭಾಗ ಕತ್ತಲಾಯಿತು. ಅಲ್ಲಿನ ಬೆಲ್‌ವ್ಯೂ ಎಂಬ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಜನರೇಟರ್ ಇತ್ತು. ನೀರು ತಲುಪದಿರಲಿ ಎಂದು ಅದನ್ನು 13ನೇ ಮಹಡಿಯಲ್ಲಿ ಇಟ್ಟಿದ್ದರು. ಆದರೆ ಅಲ್ಲಿಗೆ ಇಂಧನ ಎತ್ತಿಕೊಡುವ ಪಂಪು ಇದ್ದದ್ದು ನೆಲಮಾಳಿಗೆಯಲ್ಲಿ. ಪಂಪು ಮುಳುಗಿತು. ಆಸ್ಪತ್ರೆಯ ಸಿಬ್ಬಂದಿ, ನ್ಯಾಷನಲ್ ಗಾರ್ಡ್ ಯೋಧರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಇಂಧನವನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಸಾಗಿಸಿದರು. ಕೊನೆಗೆ ನೂರಾರು ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಕಳಿಸಲೇಬೇಕಾಯಿತು.

ಅಲ್ಲಿ ಯಾರೂ ಯೋಚನೆಯೇ ಮಾಡಿರಲಿಲ್ಲ ಅಂತ ಹೇಳಲಾಗದು. ಮಾಡಿದ್ದರು, ಮುಕ್ಕಾಲು ದಾರಿಯವರೆಗೆ. ಉಳಿದ ಕಾಲು ಭಾಗದಲ್ಲಿ ಎಲ್ಲವೂ ನಿಂತುಹೋಯಿತು. ನನಗೆ ಅನ್ನಿಸುವುದು ಇಷ್ಟು: ಕಡಲ ಊರಿನ ಭವಿಷ್ಯ ದಪ್ಪನೆಯ ಯೋಜನಾ ವರದಿಗಿಂತ ಜಾಸ್ತಿ ದಿನನಿತ್ಯದ ಕಡತಗಳಲ್ಲಿ ತೀರ್ಮಾನವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಎಷ್ಟು ಎತ್ತರದ ಕಟ್ಟೆಯ ಮೇಲೆ ಕೂರಬೇಕು? ಯಾವ ತಗ್ಗಿಗೆ ಮಣ್ಣು ತುಂಬಲು ಒಪ್ಪಿಗೆ? ಯಾರಿಗೆ ಬೋರ್‌ವೆಲ್? ಈ ಸಹಿಗಳೇ ನಿಜವಾದ ಯೋಜನೆ.

ಮೊದಲು ಲೆಕ್ಕ ನೋಡೋಣ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಒಂದು ಗೇಣು ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ವೇಗ ನೋಡಿ. ಮೊದಲ 70 ವರ್ಷ ಏರಿಕೆ ವರ್ಷಕ್ಕೆ ಸುಮಾರು 1.3 ಮಿಲಿಮೀಟರ್ ಇತ್ತು. 2006ರ ನಂತರದ ವರ್ಷಗಳಲ್ಲಿ ಅದು 3.7 ಆಯಿತು. ಹವಾಮಾನ ವಿಜ್ಞಾನವನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿಯ ಪ್ರಕಾರ, ಇಂಗಾಲದ ಹೊಗೆಯನ್ನು ಬೇಗ ಕಡಿಮೆ ಮಾಡಿದರೆ 2100ರ ಹೊತ್ತಿಗೆ ಏರಿಕೆ 28ರಿಂದ 55 ಸೆಂಟಿಮೀಟರ್ ಆಗಬಹುದು. ತುಂಬಾ ಜಾಸ್ತಿ ಉಗುಳುತ್ತಾ ಹೋದರೆ 63 ಸೆಂಟಿಮೀಟರ್‌ನಿಂದ 1 ಮೀಟರ್‌ವರೆಗೆ. ಹಾಗಾಗಿ ಬಸ್ಸು, ರೈಲು, ಸೌರ ವಿದ್ಯುತ್ತಿನ ಕೆಲಸ ಬೇರೆ, ಪ್ರವಾಹ ತಡೆಯುವ ಕೆಲಸ ಬೇರೆ ಅಂತ ಎರಡು ಇಲಾಖೆಗೆ ಹಂಚಿ ಕೂರುವುದು ಸರಿಯಲ್ಲ. ಇವತ್ತಿನ ಹೊಗೆಯೇ ನಾಳಿನ ಗೋಡೆಯ ಎತ್ತರವನ್ನು ನಿರ್ಧರಿಸುತ್ತದೆ.

ಕಡಲ ಊರಿಗೆ ನೀರು ಬರುವುದು ಕಡಲಿನಿಂದ ಮಾತ್ರವಲ್ಲ. ಆಕಾಶದಿಂದ ಬರುತ್ತದೆ, ಹೊಳೆಯಲ್ಲಿ ಬರುತ್ತದೆ, ನೆಲದಡಿಯಿಂದಲೂ ಏಳುತ್ತದೆ. ಕಷ್ಟ ಶುರುವಾಗುವುದು ಎರಡು ಒಟ್ಟಿಗೆ ಬಂದಾಗ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಗರದ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ ಕಟ್ಟಿದ್ದರು, ಅದೂ ಕಡಲು ಇಳಿತದಲ್ಲಿದ್ದಾಗ. ಉಬ್ಬರದ ಹೊತ್ತಿನಲ್ಲಿ ಚರಂಡಿಯ ಬಾಯಿ ಕಡಲ ನೀರಿನ ಕೆಳಗಿರುತ್ತದೆ. ಮಳೆನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಬಾಗಿಲು ಹಾಕದಿದ್ದರೆ ಕಡಲೇ ಚರಂಡಿಯೊಳಗೆ ಹಿಂದಕ್ಕೆ ಬರುತ್ತದೆ. ಕಡಲಮಟ್ಟ ಒಂದು ಗೇಣು ಏರಿದರೆ ಈ ಬಾಯಿ ಮುಚ್ಚಿರುವ ಹೊತ್ತು ದಿನಾ ಹೆಚ್ಚುತ್ತದೆ. ಊರು ಮುಳುಗುವ ಭಯಂಕರ ಚಿತ್ರಗಳನ್ನು ನಾವು ನೋಡುತ್ತೇವೆ. ಮೊದಲು ಆಗುವುದು ಮಾತ್ರ ಇದು: ಸಾಧಾರಣ ಮಳೆಗೂ ನೀರು ಇಳಿಯದೆ ನಿಲ್ಲುವುದು.

ಇನ್ನು ನೆಲ. ಕಡಲು ಏರುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನೆಲ ಇಳಿಯುವುದರ ಬಗ್ಗೆ ಕಡಿಮೆ. ಜಕಾರ್ತಾದ ಉತ್ತರ ಭಾಗದ ಕೆಲವು ಕಡೆ ನೆಲ ವರ್ಷಕ್ಕೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಕುಸಿದದ್ದಿದೆ. ಕಡಲು ಮಿಲಿಮೀಟರ್ ಲೆಕ್ಕದಲ್ಲಿ ಏರುತ್ತಿದ್ದರೆ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಇಳಿಯುತ್ತಿದೆ! ಮುಖ್ಯ ಕಾರಣ ಅಂತರ್ಜಲ. ಜೇಡಿಮಣ್ಣಿನ ಪದರಗಳಿಂದ ನೀರು ಹೀರಿದಾಗ ಮಣ್ಣು ಒತ್ತಿಕೊಂಡು ಕೂರುತ್ತದೆ. ಮೇಲಿನ ಮನೆ, ರಸ್ತೆ, ತಡೆಗೋಡೆ ಎಲ್ಲವೂ ಜೊತೆಗೇ ಇಳಿಯುತ್ತವೆ. ಗೋಡೆ ಎತ್ತರಿಸಿದಷ್ಟೂ ಅದೂ ಕುಸಿಯುತ್ತದೆ.

ಟೋಕಿಯೋ ಇದೇ ಕಷ್ಟ ಪಟ್ಟು ಹೊರಬಂದ ಊರು. ಅಲ್ಲಿನ ಕೋಟೋ ಭಾಗದಲ್ಲಿ ಕಳೆದ ಶತಮಾನದಲ್ಲಿ ನೆಲ ಕೆಲವೆಡೆ 4 ಮೀಟರ್‌ಗೂ ಹೆಚ್ಚು ಇಳಿಯಿತು. 1956ರಲ್ಲಿ ಕಾರ್ಖಾನೆಗಳಿಗೆ, 1962ರಲ್ಲಿ ದೊಡ್ಡ ಕಟ್ಟಡಗಳಿಗೆ ಅಂತರ್ಜಲ ಎತ್ತುವುದರ ಮೇಲೆ ಕಾನೂನು ಬಂತು. ಸುಮ್ನೆ ಬೇಡ ಅಂದು ಕೈತೊಳೆದುಕೊಳ್ಳಲಿಲ್ಲ, ಕಾರ್ಖಾನೆಗಳಿಗೆ ಬೇರೆ ಕಡೆಯಿಂದ ನೀರು ಕೊಟ್ಟರು. 1970ರ ದಶಕದ ನಂತರ ಕುಸಿತ ಬಹುಮಟ್ಟಿಗೆ ನಿಂತಿತು. ಆದರೆ ಇಳಿದ ನೆಲ ಮೇಲೆ ಬರಲಿಲ್ಲ. ಇವತ್ತಿಗೂ ಅಲ್ಲಿ ಲಕ್ಷಾಂತರ ಜನ ಉಬ್ಬರದ ಮಟ್ಟಕ್ಕಿಂತ ಕೆಳಗೆ, ಗೋಡೆ ಮತ್ತು ಪಂಪುಗಳನ್ನು ನಂಬಿ ಬದುಕುತ್ತಾರೆ.

ಹಾಗಾಗಿ ನನ್ನ ದೃಷ್ಟಿಯಲ್ಲಿ ಕಡಲ ಊರಿನ ಮೊದಲ ಪ್ರವಾಹ ಯೋಜನೆ ಅಂದರೆ ಕುಡಿಯುವ ನೀರಿನ ಯೋಜನೆ. ಮನೆಮನೆಗೆ ನಲ್ಲಿಯಲ್ಲಿ ನೀರು ಬಂದರೆ ಬೋರ್‌ವೆಲ್ ನಿಲ್ಲಿಸಿ ಅಂತ ಹೇಳುವ ಹಕ್ಕು ಪಾಲಿಕೆಗೆ ಬರುತ್ತದೆ. ನೀರೇ ಕೊಡದೆ ಬೋರ್‌ವೆಲ್ ಮುಚ್ಚಿಸಿದರೆ ಬಡವರು ಟ್ಯಾಂಕರ್ ಹಿಂದೆ ಓಡಬೇಕಾಗುತ್ತದೆ. ಅಂತರ್ಜಲ ಉಳಿದರೆ ಇನ್ನೊಂದು ಲಾಭವೂ ಇದೆ, ಕಡಲ ಉಪ್ಪುನೀರು ಬಾವಿಗಳತ್ತ ನುಗ್ಗುವುದು ಕಡಿಮೆಯಾಗುತ್ತದೆ.

ಈಗ ಜಾಗದ ವಿಷಯ. ನನಗೆ ತುಂಬಾ ಇಷ್ಟವಾದ ಉದಾಹರಣೆ ರಾಟರ್‌ಡ್ಯಾಮ್‌ನ ಬೆಂಥೆಮ್‌ಪ್ಲೇನ್ ಚೌಕ. 2013ರಲ್ಲಿ ತೆರೆದದ್ದು. ಒಣದಿನಗಳಲ್ಲಿ ಅದೊಂದು ಆಟದ ಜಾಗ. ನಡುವೆ ತಗ್ಗಾದ ಆಟದ ಅಂಕಣ, ಸುತ್ತ ಕೂರಲು ಮೆಟ್ಟಿಲು. ನೆಲದ ಮೇಲೆ ಉಕ್ಕಿನ ಅಗಲವಾದ ಕಾಲುವೆಗಳು, ಹುಡುಗರು ಸ್ಕೇಟಿಂಗ್ ಮಾಡುವಷ್ಟು ಅಗಲ. ಮಳೆ ಬಂದರೆ ಸುತ್ತಲಿನ ಚಾವಣಿಗಳ ನೀರು ಇದೇ ಕಾಲುವೆಗಳಲ್ಲಿ ಹರಿದು ಎರಡು ಆಳವಿಲ್ಲದ ಕೊಳಗಳನ್ನು ಸೇರುತ್ತದೆ. ದೊಡ್ಡ ಮಳೆ ಸುರಿದಾಗ ಮಾತ್ರ ಆಟದ ಅಂಕಣವೂ ತುಂಬುತ್ತದೆ. ಒಟ್ಟು ಸುಮಾರು 17 ಲಕ್ಷ ಲೀಟರ್ ಹಿಡಿಯುತ್ತದೆ. ಮಳೆ ನಿಂತ ಮೇಲೆ ನೀರನ್ನು ನಿಧಾನಕ್ಕೆ ಬಿಡುತ್ತಾರೆ. ಪಕ್ಕದ ಶಾಲೆಯ ವಿದ್ಯಾರ್ಥಿಗಳು, ನೆರೆಹೊರೆಯವರು ಕೂತು ಮಾತಾಡಿ ಇದರ ವಿನ್ಯಾಸದಲ್ಲಿ ಕೈಜೋಡಿಸಿದ್ದರು. ವರ್ಷದ ಬಹುಪಾಲು ದಿನ ಜನರಿಗೆ ಬೇಕಾಗುವ ಜಾಗ ಇದು. ಅದಕ್ಕೇ ಯಾರೂ ಒತ್ತುವರಿ ಮಾಡುವುದಿಲ್ಲ, ಹಾಳುಬೀಳಲೂ ಬಿಡುವುದಿಲ್ಲ.

ಕೋಪನ್‌ಹೇಗನ್ ಇದನ್ನೇ ಇಡೀ ಊರಿಗೆ ವಿಸ್ತರಿಸಿತು. 2011ರ ಜುಲೈ 2ರಂದು ಅಲ್ಲಿ ಎರಡೇ ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಬಂದು ಊರು ಕಂಗಾಲಾಯಿತು. ಮರುವರ್ಷವೇ ಯೋಜನೆ ಸಿದ್ಧ: 20 ವರ್ಷದಲ್ಲಿ ಸುಮಾರು 300 ಕಾಮಗಾರಿ. ಅದರೊಳಗಿನ ಒಂದು ಸಾಲು ನನಗೆ ಬಹಳ ಪ್ರಾಮಾಣಿಕ ಅನ್ನಿಸುತ್ತದೆ. ನೂರು ವರ್ಷಕ್ಕೊಮ್ಮೆ ಬರುವಂಥ ಮಳೆಗೂ ರಸ್ತೆಯಲ್ಲಿ 10 ಸೆಂಟಿಮೀಟರ್‌ಗಿಂತ ಹೆಚ್ಚು ನೀರು ನಿಲ್ಲಬಾರದು ಎಂಬ ಗುರಿ ಅದು. ನೀರೇ ನಿಲ್ಲಲ್ಲ ಅಂತ ಯಾರೂ ಮಾತು ಕೊಡಲಿಲ್ಲ. ಎಷ್ಟು ನಿಲ್ಲಬಹುದು, ಎಲ್ಲಿ ನಿಲ್ಲಬಹುದು ಅಂತ ಜನರ ಮುಂದೆ ಇಟ್ಟರು. ನಮ್ಮ ನಾಯಕರು, ಅಧಿಕಾರಿಗಳು ಇಷ್ಟು ನೇರವಾಗಿ ಮಾತಾಡುವುದನ್ನು ನಾವು ಕೇಳಬೇಕು.

ಹೊಸದಾಗಿ ಕಟ್ಟುವುದಕ್ಕಿಂತ ಇರುವುದನ್ನು ಉಳಿಸುವುದು ಅಗ್ಗ. ಚೆನ್ನೈನ ಪಳ್ಳಿಕರಣೈ ಜೌಗು ಒಂದು ಕಾಲಕ್ಕೆ ಸಾವಿರಾರು ಹೆಕ್ಟೇರ್ ಇತ್ತು. ಈಗ ಅದರ ಚಿಕ್ಕ ತುಂಡು ಮಾತ್ರ ಉಳಿದಿದೆ. 2022ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಒಳ್ಳೆಯದೇ. ಆದರೆ ಹೋದ ಜೌಗಿನ ಮೇಲೆ ಈಗ ಕಟ್ಟಡಗಳು ನಿಂತಿವೆ. ಪ್ರತಿ ಕಟ್ಟಡಕ್ಕೂ ಒಂದು ಕಡತ ಇದ್ದಿರಬೇಕು, ಅಲ್ವಾ?

ಸರಿ, ಗೋಡೆ. ಗೋಡೆ ಬೇಕಾಗುವ ಜಾಗಗಳಿವೆ. ಬಂದರು, ಹಳೆಯ ಊರಿನ ನಡುಭಾಗ, ಆಸ್ಪತ್ರೆ ಇರುವ ಕಡೆ. ಆದರೆ ಕಡಲ ತೀರದ ಮರಳು ಒಂದೇ ಕಡೆ ನಿಲ್ಲುವುದಿಲ್ಲ, ತೀರದುದ್ದಕ್ಕೂ ಸಾಗುತ್ತಿರುತ್ತದೆ. ಒಂದು ಕಡೆ ಕಲ್ಲು ಹಾಕಿ ತಡೆದರೆ ಪಕ್ಕದ ತೀರಕ್ಕೆ ಮರಳು ಸಿಗದೆ ಅಲ್ಲಿ ಕೊರೆತ ಶುರುವಾಗುತ್ತದೆ. ಒಬ್ಬರ ರಕ್ಷಣೆ ಇನ್ನೊಬ್ಬರ ಮನೆಗೆ ಕಂಟಕ. ಅದಕ್ಕೇ ತೀರದ ಯೋಜನೆಯನ್ನು ವಾರ್ಡ್ ಗಡಿ ನೋಡಿ ಮಾಡಬಾರದು, ಮರಳು ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಅಂತ ನೋಡಿ ಮಾಡಬೇಕು. ನೆದರ್‌ಲ್ಯಾಂಡ್ಸ್ 2011ರಲ್ಲಿ ಹೇಗ್ ಹತ್ತಿರದ ತೀರದಲ್ಲಿ 2 ಕೋಟಿ ಘನಮೀಟರ್‌ಗೂ ಹೆಚ್ಚು ಮರಳನ್ನು ಒಂದೇ ಕಡೆ ರಾಶಿ ಹಾಕಿತು. ಗಾಳಿ, ಅಲೆಗಳೇ ಅದನ್ನು ವರ್ಷಾನುಗಟ್ಟಲೆ ತೀರಕ್ಕೆ ಹಂಚುತ್ತಿವೆ. ಬಿಸಿ ದೇಶಗಳ ಅಳಿವೆಗಳಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಅಲೆಯ ಜೋರನ್ನು ತಗ್ಗಿಸಿ, ಹೂಳು ಹಿಡಿದು, ಮೀನಿನ ಮರಿಗಳನ್ನೂ ಸಾಕುತ್ತದೆ.

ಎಷ್ಟೇ ಕಟ್ಟಿದರೂ ಒಂದು ದಿನ ಜನರನ್ನು ಎಬ್ಬಿಸಿ ಕರೆದೊಯ್ಯಬೇಕಾಗುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ 1970ರ ಚಂಡಮಾರುತಕ್ಕೆ ಕನಿಷ್ಠ 3 ಲಕ್ಷ ಜನ ಸತ್ತರು, 1991ರಲ್ಲಿ ಸುಮಾರು 1.38 ಲಕ್ಷ. 2020ರ ಅಂಫಾನ್ ವೇಳೆ ಅಲ್ಲಿ ಸಾವು ಹತ್ತಾರರ ಲೆಕ್ಕಕ್ಕೆ ಇಳಿದಿತ್ತು. ಮುನ್ಸೂಚನೆ ಸುಧಾರಿಸಿದ್ದು ನಿಜ. ಆದರೆ ಆ ಸುದ್ದಿಯನ್ನು ಮೆಗಾಫೋನ್ ಹಿಡಿದು ಮನೆಮನೆಗೆ ಮುಟ್ಟಿಸಿದವರು ಸಾವಿರಾರು ಸ್ವಯಂಸೇವಕರು. ಆಶ್ರಯ ಕಟ್ಟಡಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ದನಕರುಗಳಿಗೆ ಜಾಗ ಇಟ್ಟ ಮೇಲೆ ಜನ ಬರಲು ಒಪ್ಪಿದರು. ಹಸುವನ್ನು ಬಿಟ್ಟು ಬಾ ಅಂದರೆ ಬಡವರು ಹೇಗೆ ಬಂದಾರು?

ಕೊನೆಯದಾಗಿ ಸಮಯದ ಪ್ರಶ್ನೆ. 2100ರಲ್ಲಿ ಕಡಲು ಎಷ್ಟಿರುತ್ತದೆ ಅಂತ ಖಚಿತವಾಗಿ ಗೊತ್ತಿಲ್ಲದೆ ಇವತ್ತು ಏನು ಕಟ್ಟುವುದು? ಲಂಡನ್‌ನ ಥೇಮ್ಸ್ ನದೀಮುಖದ 2012ರ ಯೋಜನೆ ಇದಕ್ಕೆ ಒಂದು ದಾರಿ ಹುಡುಕಿತು. ಎಲ್ಲವನ್ನೂ ಈಗಲೇ ಕಟ್ಟುವುದಿಲ್ಲ. ಕಡಲಮಟ್ಟ, ಗೋಡೆಗಳ ಸ್ಥಿತಿ ಇಂಥವನ್ನು ಅಳೆಯುತ್ತಾ ಇರುತ್ತಾರೆ, ಇಂತಿಷ್ಟು ಏರಿದರೆ ಮುಂದಿನ ಹೆಜ್ಜೆ. ಅಲ್ಲಿಯವರೆಗೆ ಮುಂದೆ ಗೋಡೆ ಎತ್ತರಿಸಲು ಬೇಕಾಗುವ ಜಾಗಕ್ಕೆ ಯಾರೂ ಕೈ ಹಾಕಬಾರದು. 2023ರಲ್ಲಿ ಅದನ್ನು ಪರಿಷ್ಕರಿಸಿದಾಗ ನದಿಯ ಮೇಲ್ಭಾಗದ ಗೋಡೆಗಳನ್ನು ಎತ್ತರಿಸುವ ಗಡುವನ್ನು ಮೊದಲು ಅಂದುಕೊಂಡದ್ದಕ್ಕಿಂತ 15 ವರ್ಷ ಬೇಗ, 2050 ಎಂದು ಇಟ್ಟರು. ಉಬ್ಬರ ತಡೆಯಲು ನದಿಗೆ ಅಡ್ಡಲಾಗಿ ಕಟ್ಟಿರುವ ಬಾಗಿಲುಗಳ ಸಾಲು, ಅಂದರೆ ಈಗಿನ ಥೇಮ್ಸ್ ತಡೆಯ ಮುಂದೇನು ಎಂಬುದನ್ನು 2040ರೊಳಗೆ ತೀರ್ಮಾನಿಸಬೇಕು. ಅಂದರೆ ಆ ಸಹಿ ಹಾಕುವ ಎಂಜಿನಿಯರ್‌ಗಳಲ್ಲಿ ಹಲವರು ಈಗ ಕಾಲೇಜಿನಲ್ಲಿ ಓದುತ್ತಿರುವವರು. ಅವರ ಕೈಗೆ ಸುಮಾರು 30 ವರ್ಷದ ಅಳತೆಗಳೂ ಖಾಲಿ ಉಳಿಸಿದ ಜಾಗವೂ ಇರುತ್ತವೆ.

ನಿಮ್ಮ ಪ್ರಶ್ನೆಗಳಿಗೆ ಸಮಯ ಉಳಿಸಿದ್ದೇನೆ. ಕೇಳಿ.