ಡೇಟಾ 130 ಎಂಬಿ, ಡಿಸ್ಕ್‌ನಲ್ಲಿ 700 ಎಂಬಿ: ಉಳಿದ ಜಾಗ ಎಲ್ಲಿಗೆ ಹೋಯಿತು?

[ಪರದೆಯ ಮೇಲೆ ಟರ್ಮಿನಲ್. ಮೂರು ಕಾಲಂಗಳ ಒಂದು ಟೇಬಲ್.]

ನಮಸ್ಕಾರ. ಈ ಟೇಬಲ್ ಅನ್ನು ಒಮ್ಮೆ ನೋಡಿ. ಇರುವುದು ಮೂರೇ ಕಾಲಂ. ಮೊದಲನೆಯದು ಬೂಲಿಯನ್, ಒಂದು ಬೈಟ್. ಎರಡನೆಯದು ಗುರುತಿನ ಸಂಖ್ಯೆ, ಬಿಗ್‌ಇಂಟ್, ಎಂಟು ಬೈಟ್. ಮೂರನೆಯದು ಇಂಟಿಜರ್, ನಾಲ್ಕು ಬೈಟ್. ಎಲ್ಲ ಕೂಡಿಸಿದರೆ ಒಂದು ಸಾಲಿಗೆ 13 ಬೈಟ್. ಇದರಲ್ಲಿ ಒಂದು ಕೋಟಿ ಸಾಲು ತುಂಬಿದ್ದೇನೆ. ಲೆಕ್ಕದ ಪ್ರಕಾರ 130 ಎಂಬಿ ಆಗಬೇಕು.

ಈ ಟೇಬಲ್ ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ. ಅದನ್ನೇ ಕೇಳೋಣ. ಟೇಬಲ್ ಹತ್ತಿರ ಹತ್ತಿರ 500 ಎಂಬಿ. ಅದರ ಪ್ರೈಮರಿ ಕೀ, ಅಂದರೆ ಆ ಗುರುತಿನ ಸಂಖ್ಯೆಯ ಇಂಡೆಕ್ಸ್ ಬೇರೆ, 214 ಎಂಬಿ. ಇನ್ನೂ ಯಾರೂ ಇದನ್ನು ಬಳಸಿಲ್ಲ. ಒಂದು ಸಾಲನ್ನೂ ಬದಲಿಸಿಲ್ಲ, ಅಳಿಸಿಲ್ಲ. ಆಗಲೇ ಐದು ಪಟ್ಟು ದಾಟಿದೆ.

ಡಿಸ್ಕ್ ತುಂಬಿದಾಗ ಮೊದಲು ಬರುವ ಮಾತು, "ಈ ಸರ್ವರ್ ಜಾಗ ನುಂಗುತ್ತಿದೆ" ಎಂದು. ನುಂಗುತ್ತಿರುವುದು ನಿಜ. ಆದರೆ ಅದರಲ್ಲಿ ಯಾವ ಜಾಗ ದುಡಿಯುತ್ತಿದೆ, ಯಾವುದು ಮುಂದಿನ ಬರಹಕ್ಕಾಗಿ ಖಾಲಿ ಕಾಯುತ್ತಿದೆ, ಯಾವುದನ್ನು ನಾವೇ ಮರೆತು ಒತ್ತೆ ಇಟ್ಟಿದ್ದೇವೆ ಎಂಬುದು ಗೊತ್ತಿಲ್ಲದೆ ಫೈಲ್ ಅಳಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಅದಕ್ಕೇ ಈ ವಿಡಿಯೋ.

[ಒಂದೇ ಸಾಲಿನ ಚಿತ್ರ, ಬೈಟ್ ಬೈಟ್ ಆಗಿ ಚೌಕಗಳಲ್ಲಿ.]

ಮೊದಲು ಒಂದೇ ಒಂದು ಸಾಲನ್ನು ಬಿಚ್ಚಿ ನೋಡೋಣ. ಪ್ರತಿ ಸಾಲಿನ ಮುಂದೆ ಒಂದು ಶಿರೋಭಾಗ ಇರುತ್ತದೆ, 23 ಬೈಟ್. ಈ ಸಾಲನ್ನು ಯಾವ ವಹಿವಾಟು (ಟ್ರಾನ್ಸಾಕ್ಷನ್) ಬರೆಯಿತು, ಯಾವುದು ಅಳಿಸಿತು, ಇದರ ಹೊಸ ಆವೃತ್ತಿ ಎಲ್ಲಿದೆ, ಇಂಥ ವಿವರಗಳೆಲ್ಲ ಅದರಲ್ಲಿವೆ. ಎಂಟರ ಗುಣಕಕ್ಕೆ ಹೊಂದಿಸಲು ಅದು 24 ಆಗುತ್ತದೆ. ನಂತರ ನಮ್ಮ ಬೂಲಿಯನ್, ಒಂದು ಬೈಟ್. ಅದರ ಪಕ್ಕದಲ್ಲೇ ಬಿಗ್‌ಇಂಟ್ ಕೂರುವಂತಿಲ್ಲ. ಎಂಟು ಬೈಟ್‌ನ ಸಂಖ್ಯೆ ಎಂಟರಿಂದ ಭಾಗವಾಗುವ ಜಾಗದಲ್ಲೇ ಆರಂಭವಾಗಬೇಕು. ಹಾಗಾಗಿ ನಡುವೆ ಏಳು ಬೈಟ್ ಬರಿದೇ ಬಿಡಬೇಕು. ಆಮೇಲೆ ಬಿಗ್‌ಇಂಟ್ ಎಂಟು, ಇಂಟಿಜರ್ ನಾಲ್ಕು. ಒಟ್ಟು 44. ಸಾಲಿನ ಕೊನೆಯೂ ಎಂಟಕ್ಕೆ ಹೊಂದಬೇಕಾದ್ದರಿಂದ 48. ಸಾಲುಗಳನ್ನು ತುಂಬಿಡುವ ಪುಟದೊಳಗೆ ಈ ಸಾಲು ಎಲ್ಲಿದೆ ಎಂದು ತೋರಿಸುವ ಸೂಚಿಗೆ ಇನ್ನೂ ನಾಲ್ಕು. 52 ಬೈಟ್. ನಾವು ಕೊಟ್ಟದ್ದು 13.

ಈಗ ಕಾಲಂಗಳ ಕ್ರಮವನ್ನಷ್ಟೇ ಬದಲಿಸುತ್ತೇನೆ. ದೊಡ್ಡದು ಮೊದಲು, ಚಿಕ್ಕದು ಕೊನೆಗೆ: ಬಿಗ್‌ಇಂಟ್, ಇಂಟಿಜರ್, ಬೂಲಿಯನ್. ಸಾಲು 44 ಬೈಟ್‌ಗೆ ಇಳಿಯಿತು. ಎಂಟು ಕೆಬಿ ಪುಟದಲ್ಲಿ 157 ಸಾಲು ಹಿಡಿಯುತ್ತಿದ್ದದ್ದು 185 ಆಯಿತು. ಟೇಬಲ್ 420 ಎಂಬಿ ಆಸುಪಾಸಿಗೆ ಬಂತು. ಡೇಟಾದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಉದ್ದುದ್ದ ಪಠ್ಯ ಇರುವ ಟೇಬಲ್‌ಗೆ ಈ ತಲೆನೋವು ಬೇಡ, ಅಲ್ಲಿ ಎಂಟು ಬೈಟ್ ಲೆಕ್ಕಕ್ಕೇ ಬರುವುದಿಲ್ಲ. ಕಿರಿದಾದ ಸಾಲುಗಳು ಕೋಟಿಗಟ್ಟಲೆ ಇರುವಲ್ಲಿ ಮಾತ್ರ ಇದು ಹತ್ತು ನಿಮಿಷದ ಯೋಚನೆಗೆ ಯೋಗ್ಯ.

ಇಂಡೆಕ್ಸ್ ವಿಷಯಕ್ಕೆ ಬರೋಣ. ಇಂಡೆಕ್ಸ್ ಎಂದರೆ ಆಯ್ದ ಕಾಲಂಗಳ ಇನ್ನೊಂದು ಪ್ರತಿ, ಕ್ರಮವಾಗಿ ಜೋಡಿಸಿದ್ದು. ಪ್ರತಿ ಎಂದ ಮೇಲೆ ಜಾಗ ಬೇಕೇ ಬೇಕು. ಅದನ್ನು ಒತ್ತೊತ್ತಾಗಿ ತುಂಬುವಂತೆಯೂ ಇಲ್ಲ. ನಡುವೆ ಹೊಸ ಕೀ ಬಂದರೆ ಸೇರಿಸಲು ಎಡೆ ಇರಬೇಕಲ್ಲ? ಅದಕ್ಕೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಪುಟಗಳನ್ನು ಸಾಮಾನ್ಯವಾಗಿ ಶೇಕಡಾ 90ರಷ್ಟೇ ತುಂಬುತ್ತದೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಶೇಖರಿಸುವ ಭಾಗವಾದ ಇನ್ನೊಡಿಬಿ ತನ್ನ 16 ಕೆಬಿ ಪುಟದಲ್ಲಿ ಹದಿನಾರರಲ್ಲಿ ಒಂದು ಭಾಗವನ್ನು ಖಾಲಿ ಬಿಡುತ್ತದೆ, ಅದೂ ಕೀಗಳು ಏರಿಕೆಯ ಕ್ರಮದಲ್ಲಿ ಬಂದರೆ. ಯದ್ವಾತದ್ವಾ ಬಂದರೆ ಪುಟಗಳು ಒಡೆದು ಒಡೆದು ಕೆಲವು ಅರ್ಧದಷ್ಟೇ ತುಂಬಿರುತ್ತವೆ. ಯಾದೃಚ್ಛಿಕ ಯುಯುಐಡಿಯನ್ನು, ಅಂದರೆ ಯಾವ ಕ್ರಮವೂ ಇಲ್ಲದ ಉದ್ದನೆಯ ಗುರುತನ್ನು, ಪ್ರೈಮರಿ ಕೀ ಮಾಡಿಕೊಂಡವರಿಗೆ ಆಗುವುದು ಇದೇ. ಇನ್ನೊಡಿಬಿಯಲ್ಲಿ ಇದಕ್ಕೆ ಇನ್ನೊಂದು ಪೆಟ್ಟೂ ಇದೆ: ಉಳಿದ ಪ್ರತಿ ಇಂಡೆಕ್ಸ್‌ನ ಪ್ರತಿ ನಮೂದಿನಲ್ಲೂ ಪ್ರೈಮರಿ ಕೀಯ ಪ್ರತಿ ಇರುತ್ತದೆ. ಕೀ ದಪ್ಪವಾದರೆ ಎಲ್ಲ ಇಂಡೆಕ್ಸ್‌ಗಳೂ ದಪ್ಪವಾಗುತ್ತವೆ. ನಿಮ್ಮ ಸರ್ವರ್‌ನಲ್ಲಿ ಯಾರೂ ಬಳಸದ ಇಂಡೆಕ್ಸ್‌ಗಳಿವೆಯೇ ಎಂದು ದಯವಿಟ್ಟು ಹುಡುಕಿ. ಪೋಸ್ಟ್‌ಗ್ರೆಸ್ ಪ್ರತಿ ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಎಂಬ ಎಣಿಕೆ ಇಟ್ಟುಕೊಂಡಿರುತ್ತದೆ. ಆದರೆ ಕೇವಲ ಶೂನ್ಯ ನೋಡಿ ಕಿತ್ತುಹಾಕಬೇಡಿ. ಮುಖ್ಯ ಸರ್ವರ್‌ನ ನಕಲಾದ ರೆಪ್ಲಿಕಾ ಸರ್ವರ್‌ನಲ್ಲಿ ಅದೇ ಇಂಡೆಕ್ಸ್ ದುಡಿಯುತ್ತಿರಬಹುದು. ಅಲ್ಲಿನ ಎಣಿಕೆ ಬೇರೆಯೇ ಇರುತ್ತದೆ.

[ಮತ್ತೆ ಟರ್ಮಿನಲ್. ಮೊದಲ ಟೇಬಲ್, 500 ಎಂಬಿ.]

ನನ್ನ ಮಟ್ಟಿಗೆ ಈ ವಿಡಿಯೋದ ಹೃದಯ ಇಲ್ಲಿದೆ. ಮೂರನೆಯ ಕಾಲಂಗೆ ಒಂದನ್ನು ಕೂಡಿಸಿ ಎಂದು ಇಡೀ ಟೇಬಲ್‌ಗೆ ಒಂದೇ ಅಪ್‌ಡೇಟ್ ಕೊಡುತ್ತೇನೆ. ಸಾಲು ಹೆಚ್ಚಿಲ್ಲ, ಕಾಲಂ ಹೆಚ್ಚಿಲ್ಲ. ಮುಗಿಯಿತು. ಈಗ ಟೇಬಲ್ ಎಷ್ಟು? ಸುಮಾರು 1,000 ಎಂಬಿ. ಇಂಡೆಕ್ಸ್ ಕೂಡ ಹೆಚ್ಚುಕಡಿಮೆ ಇಮ್ಮಡಿ.

ಪೋಸ್ಟ್‌ಗ್ರೆಸ್ ಹಳೆಯ ಸಾಲಿನ ಮೇಲೆಯೇ ಬರೆಯುವುದಿಲ್ಲ. ಹೊಸ ಆವೃತ್ತಿಯನ್ನು ಬೇರೆ ಜಾಗದಲ್ಲಿ ಬರೆದು, ಹಳೆಯದರ ಮೇಲೆ "ಇಂಥ ವಹಿವಾಟಿನವರೆಗೆ ಮಾತ್ರ" ಎಂಬ ಗುರುತು ಹಾಕುತ್ತದೆ. ಏಕೆಂದರೆ ಅದೇ ಹೊತ್ತಿನಲ್ಲಿ ಇನ್ನೊಬ್ಬರು ದೊಡ್ಡ ವರದಿಯೊಂದನ್ನು ಓದುತ್ತಿರಬಹುದು. ಅವರು ಓದಲು ಶುರು ಮಾಡಿದ ಕ್ಷಣದಲ್ಲಿ ಲೆಕ್ಕ ಹೇಗಿತ್ತೋ ಹಾಗೆಯೇ ಕಾಣಬೇಕು. ಅರ್ಧ ಹಳೆಯದು, ಅರ್ಧ ಹೊಸದು ಕಂಡರೆ ಆ ವರದಿಗೆ ಬೆಲೆ ಇಲ್ಲ. ಓದುವವರು ಬರೆಯುವವರಿಗಾಗಿ ಕಾಯಬಾರದು, ಬರೆಯುವವರು ಓದುವವರಿಗಾಗಿ ಕಾಯಬಾರದು. ಈ ಮಾತನ್ನು ಉಳಿಸಿಕೊಳ್ಳಲು ಡೇಟಾಬೇಸ್ ಡಿಸ್ಕ್ ಜಾಗವನ್ನು ತೆರುತ್ತದೆ. ಇನ್ನೊಡಿಬಿ ಕೂಡ ಇದನ್ನೇ ಮಾಡುತ್ತದೆ, ಹಳೆಯ ಆವೃತ್ತಿಗಳನ್ನು ಟೇಬಲ್‌ನಲ್ಲಿ ಇಡದೆ ಅಂಡು ಲಾಗ್ ಎಂಬ ಬೇರೆ ಜಾಗದಲ್ಲಿ ಇಡುತ್ತದೆ, ಅಷ್ಟೇ ವ್ಯತ್ಯಾಸ.

ಯಾರಿಗೂ ಬೇಡವಾದ ಸತ್ತ ಸಾಲುಗಳನ್ನು ತೆರವು ಮಾಡುವುದು ವ್ಯಾಕ್ಯೂಮ್‌ನ ಕೆಲಸ. ಅದು ತಾನಾಗಿಯೇ ನಡೆಯುತ್ತದೆ, ಆದರೆ ಕೂಡಲೇ ಅಲ್ಲ. ಮೂಲ ಹೊಂದಿಕೆಯಲ್ಲಿ ಟೇಬಲ್‌ನ ಶೇಕಡಾ 20ರಷ್ಟು ಸಾಲುಗಳು ಮತ್ತು ಮೇಲೆ 50 ಸತ್ತ ನಂತರವೇ ಅದು ಏಳುತ್ತದೆ. ನಮ್ಮ ಟೇಬಲ್‌ಗೆ ಅದು 20 ಲಕ್ಷಕ್ಕೂ ಹೆಚ್ಚು. ಎಲ್ಲೋ ಒಂದು ವಹಿವಾಟನ್ನು ತೆರೆದು ಮುಚ್ಚದೆ ಬಿಟ್ಟಿದ್ದರೆ, ಅದರ ನಂತರ ಸತ್ತ ಒಂದು ಸಾಲನ್ನೂ ವ್ಯಾಕ್ಯೂಮ್ ಮುಟ್ಟುವಂತಿಲ್ಲ. ಆ ವಹಿವಾಟು ಹಳೆಯದನ್ನು ಕೇಳಿದರೂ ಕೇಳಬಹುದು.

ಈಗ ನಾನೇ ವ್ಯಾಕ್ಯೂಮ್ ಓಡಿಸುತ್ತೇನೆ. ಮುಗಿದ ಮೇಲೂ ಟೇಬಲ್ 1,000 ಎಂಬಿ. ಹಲವರು ಇಲ್ಲಿ ಕಂಗಾಲಾಗುತ್ತಾರೆ. ವ್ಯಾಕ್ಯೂಮ್ ಆ ಜಾಗವನ್ನು ಖಾಲಿ ಎಂದು ಬರೆದಿಟ್ಟುಕೊಂಡಿದೆ, ಆದರೆ ಆಪರೇಟಿಂಗ್ ಸಿಸ್ಟಮ್‌ಗೆ ಮರಳಿಸಿಲ್ಲ. ಫೈಲ್‌ನ ಬಾಲದಲ್ಲಿರುವ ಖಾಲಿ ಪುಟಗಳನ್ನು ಮಾತ್ರ ಅದು ಕತ್ತರಿಸಬಲ್ಲದು. ನಮ್ಮ ಹೊಸ ಸಾಲುಗಳು ಕುಳಿತಿರುವುದೇ ಬಾಲದಲ್ಲಿ. ಖಾಲಿ ಇರುವುದು ತಲೆಯ ಕಡೆ.

ವ್ಯಾಕ್ಯೂಮ್ ಫುಲ್ ಕೊಟ್ಟರೆ ಫೈಲ್ ನಿಜವಾಗಿಯೂ ಕುಗ್ಗುತ್ತದೆ. ಆದರೆ ಅದು ಟೇಬಲ್‌ನ ಹೊಸ ಪ್ರತಿ ಬರೆಯುತ್ತದೆ, ಬರೆದು ಮುಗಿಯುವವರೆಗೆ ಹಳೆಯದೂ ಇರುತ್ತದೆ, ಮತ್ತು ಅಷ್ಟು ಹೊತ್ತು ಆ ಟೇಬಲ್ ಅನ್ನು ಯಾರೂ ಓದಲೂ ಆಗದು. ಜಾಗ ಬಿಡಿಸಲು ಜಾಗ ಬೇಕು! ಡಿಸ್ಕ್ ತುಂಬಿದ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ. ಹಾಗಾಗಿ ನಾನು ಪಾಲಿಸುವ ನಿಯಮ ಒಂದಿದೆ: ಸರ್ವರ್‌ನ ಅತಿ ದೊಡ್ಡ ಟೇಬಲ್ ಮತ್ತು ಅದರ ಇಂಡೆಕ್ಸ್‌ಗಳು ಇನ್ನೊಂದು ಸಲ ಹಿಡಿಯುವಷ್ಟಾದರೂ ಡಿಸ್ಕ್ ಖಾಲಿ ಇರಬೇಕು.

ಟೇಬಲ್ ಹೀಗೆಯೇ ಇರಲಿ. ಇಲ್ಲಿಗೇ ಮರಳಿ ಬರುತ್ತೇನೆ.

[ಫೋಲ್ಡರ್ ಪಟ್ಟಿ: ಒಂದೇ ಗಾತ್ರದ ನೂರಾರು ಫೈಲ್‌ಗಳು.]

ಇವು ಪೋಸ್ಟ್‌ಗ್ರೆಸ್‌ನ ವಾಲ್ (ರೈಟ್-ಅಹೆಡ್ ಲಾಗ್) ಫೈಲ್‌ಗಳು. ತಲಾ 16 ಎಂಬಿ. ಯಾವುದೇ ಬದಲಾವಣೆ ಟೇಬಲ್‌ನ ಫೈಲ್‌ಗೆ ಹೋಗುವ ಮೊದಲು ಇಲ್ಲಿ ದಾಖಲಾಗುತ್ತದೆ. ವಿದ್ಯುತ್ ಹೋದರೆ ಇದನ್ನೇ ಓದಿ ಡೇಟಾಬೇಸ್ ಚೇತರಿಸಿಕೊಳ್ಳುತ್ತದೆ. ಮೆಮೊರಿಯಲ್ಲಿರುವ ಬದಲಾವಣೆಗಳನ್ನೆಲ್ಲ ಟೇಬಲ್‌ನ ಫೈಲ್‌ಗಳಿಗೆ ಬರೆದು ಮುಗಿಸುವ ಘಟ್ಟಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಅದು ಆದ ಮೇಲೆ ಒಂದು ಪುಟವನ್ನು ಮೊದಲ ಸಲ ಬದಲಿಸಿದಾಗ ಇಡೀ ಪುಟದ ಪ್ರತಿಯೇ ವಾಲ್‌ಗೆ ಹೋಗುತ್ತದೆ. ನೀವು ಬದಲಿಸಿದ್ದು ನಾಲ್ಕು ಬೈಟ್, ವಾಲ್‌ಗೆ ಹೋದದ್ದು ಎಂಟು ಕೆಬಿಯವರೆಗೆ. ಪುಟ ಅರ್ಧ ಬರೆದಾಗಲೇ ವಿದ್ಯುತ್ ಹೋದರೆ ಆ ಅರ್ಧ ಪುಟವನ್ನು ಸರಿಪಡಿಸಲು ಬೇರೆ ದಾರಿ ಇಲ್ಲ.

ನಾನಿದ್ದ ತಂಡವೊಂದರಲ್ಲಿ ರೆಪ್ಲಿಕಾ ಸರ್ವರ್ ಒಂದನ್ನು ಸೇವೆಯಿಂದ ತೆಗೆದೆವು. ಯಂತ್ರ ಹೋಯಿತು, ಆದರೆ ಮುಖ್ಯ ಸರ್ವರ್‌ನಲ್ಲಿ ಅದರ ಹೆಸರಿನ ರೆಪ್ಲಿಕೇಶನ್ ಸ್ಲಾಟ್ ಉಳಿಯಿತು. ಸ್ಲಾಟ್ ಎಂದರೆ "ನಾನು ಓದುವವರೆಗೆ ವಾಲ್ ಅಳಿಸಬೇಡ" ಎಂಬ ಕೋರಿಕೆ. ಕೋರಿದವರು ಇಲ್ಲ, ಕೋರಿಕೆ ಇದೆ. ಮುಖ್ಯ ಸರ್ವರ್ ನಿಷ್ಠೆಯಿಂದ ಒಂದೊಂದೇ ಫೈಲ್ ಕೂಡಿಡುತ್ತಾ ಹೋಯಿತು. ಒಂದು ಬೆಳಗಿನ ಜಾವ ಡಿಸ್ಕ್ ತುಂಬಿ ಸರ್ವರ್ ನಿಂತಿತು.

ಆಗ ನನ್ನ ಕೈ ಕೂಡ ಆ ಫೋಲ್ಡರ್‌ನ ಹಳೆಯ ಫೈಲ್‌ಗಳ ಕಡೆಗೇ ಹೋಗಿತ್ತು. ಪಕ್ಕದಲ್ಲಿದ್ದ ಹಿರಿಯರು ತಡೆದರು. ಅವುಗಳನ್ನು ಕೈಯಿಂದ ಅಳಿಸುವುದು ಕುಳಿತ ಕೊಂಬೆಯನ್ನೇ ಕಡಿದಂತೆ. ಚೇತರಿಕೆಗೆ ಬೇಕಾದ ದಾಖಲೆ ಅದರಲ್ಲಿದ್ದರೆ ಡೇಟಾಬೇಸ್ ಮತ್ತೆ ಮೇಲೇಳುವುದಿಲ್ಲ. ಡಿಸ್ಕ್ ಹಿಗ್ಗಿಸಿ, ಸರ್ವರ್ ಎಬ್ಬಿಸಿ, ಅನಾಥ ಸ್ಲಾಟ್ ತೆಗೆದೆವು. ಮುಂದಿನ ಚೆಕ್‌ಪಾಯಿಂಟ್‌ನಲ್ಲಿ ಫೈಲ್‌ಗಳು ತಾವಾಗಿಯೇ ಹೋದವು. ಈ ಫೋಲ್ಡರ್‌ನ ಹಳೆಯ ಹೆಸರು ಪಿಜಿ ಎಕ್ಸ್‌ಲಾಗ್. ಹೆಸರಿನಲ್ಲಿ ಲಾಗ್ ಇದೆ, ಬೇಡದ ಲಾಗ್ ಇರಬೇಕು ಎಂದುಕೊಂಡು ಅಳಿಸಿ ಡೇಟಾ ಕಳೆದುಕೊಂಡವರಿದ್ದರು. ಹಾಗಾಗಿಯೇ 2017ರಲ್ಲಿ ಬಂದ ಹತ್ತನೆಯ ಆವೃತ್ತಿಯಲ್ಲಿ ಅದನ್ನು ಪಿಜಿ ವಾಲ್ ಎಂದು ಬದಲಿಸಲಾಯಿತು. ಹದಿಮೂರನೆಯ ಆವೃತ್ತಿಯಿಂದ ಸ್ಲಾಟ್ ಎಷ್ಟು ವಾಲ್ ಹಿಡಿದಿಡಬಹುದು ಎಂದು ಮಿತಿ ಹಾಕಬಹುದು. ಮೂಲ ಹೊಂದಿಕೆಯಲ್ಲಿ ಮಿತಿ ಇಲ್ಲ. ಇಂದೇ ನೋಡಿ, ನಿಮ್ಮಲ್ಲಿ ಚಾಲ್ತಿಯಲ್ಲಿರದ ಸ್ಲಾಟ್ ಯಾವುದಾದರೂ ಇದೆಯೇ ಎಂದು.

ಉಳಿದ ಡೇಟಾಬೇಸ್‌ಗಳ ಮನೆಯಲ್ಲೂ ಕಥೆ ಬೇರೆಯಲ್ಲ. ಮೈಎಸ್‌ಕ್ಯುಎಲ್ 8.0 ಬದಲಾವಣೆಗಳ ದಾಖಲೆಯಾದ ತನ್ನ ಬೈನರಿ ಲಾಗ್‌ಗಳನ್ನು ಮೂಲ ಹೊಂದಿಕೆಯಲ್ಲಿ 30 ದಿನ ಇಟ್ಟುಕೊಳ್ಳುತ್ತದೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಫುಲ್ ರಿಕವರಿ ಎಂಬ ವಿಧಾನ ಆಯ್ದು ಲಾಗ್ ಬ್ಯಾಕಪ್ ಮರೆತರೆ ಲಾಗ್ ಬೆಳೆಯುತ್ತಲೇ ಇರುತ್ತದೆ. ಎಸ್‌ಕ್ಯುಲೈಟ್‌ನಲ್ಲಿ ಸಾಲು ಅಳಿಸಿದರೂ ಸಾಮಾನ್ಯವಾಗಿ ಫೈಲ್ ಕುಗ್ಗುವುದಿಲ್ಲ. ಹಲವು ಯಂತ್ರಗಳಲ್ಲಿ (ನೋಡ್‌ಗಳಲ್ಲಿ) ಡೇಟಾ ಇಡುವ ಕಸ್ಸಾಂಡ್ರಾದಲ್ಲಿ ಅಳಿಸುವುದೂ ಒಂದು ಬರಹವೇ: "ಇದು ಅಳಿದಿದೆ" ಎಂಬ ಗುರುತನ್ನು ಮೂಲ ಹೊಂದಿಕೆಯಲ್ಲಿ ಕನಿಷ್ಠ ಹತ್ತು ದಿನ ಇಡುತ್ತದೆ. ಅಷ್ಟರಲ್ಲಿ ಕೆಟ್ಟು ನಿಂತಿದ್ದ ನೋಡ್ ಮರಳಿ ಬಂದು, ಅಳಿಸಿದ ಡೇಟಾವನ್ನು ಮತ್ತೆ ಜೀವಂತ ಮಾಡಬಾರದಲ್ಲ?

[ಮತ್ತೆ ನಮ್ಮ ಟೇಬಲ್. 1,000 ಎಂಬಿ.]

ಸರಿ, ಟೇಬಲ್‌ಗೆ ಮರಳೋಣ. ವ್ಯಾಕ್ಯೂಮ್ ಆಗಿದೆ, ಅರ್ಧ ಟೇಬಲ್ ಖಾಲಿ, ಡಿಸ್ಕ್‌ನಲ್ಲಿ ಮಾತ್ರ ಪೂರ್ತಿ ಗಾತ್ರ. ಅದೇ ಅಪ್‌ಡೇಟ್ ಅನ್ನು ಇನ್ನೊಮ್ಮೆ ಕೊಡುತ್ತೇನೆ. ಮತ್ತೆ ಒಂದು ಕೋಟಿ ಹೊಸ ಸಾಲುಗಳು ಬರೆಯಲ್ಪಡಬೇಕು.

ಗಾತ್ರ ನೋಡಿ. 1,000 ಎಂಬಿ. ವ್ಯಾಕ್ಯೂಮ್ ಮಾಡಿ ಮೂರನೆಯ ಸಲ ಕೊಡುತ್ತೇನೆ. 1,000 ಎಂಬಿಯೇ. ಹೊಸ ಸಾಲುಗಳು ತಲೆಯ ಕಡೆ ಬಿದ್ದಿದ್ದ ಖಾಲಿ ಪುಟಗಳಲ್ಲಿ ಹೋಗಿ ಕುಳಿತವು, ಮುಂದಿನ ಸಲ ಬಾಲದ ಕಡೆಗೆ ಬಂದವು.