ಮೂರು ಸಲ ಕೇಳಿ, ಆಮೇಲೆ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ. ಹಾಸನದ ಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆದು ರೇಡಿಯೋ ಹಾಕಿಕೊಂಡವರಿಗೆ, ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಲೈನ್ ಮನೆಗಳಲ್ಲಿ ಒಲೆ ಮುಂದೆ ಕೂತವರಿಗೆ, ಎಲ್ಲರಿಗೂ.

ಈ ಊರಿನಲ್ಲಿ ನಾನು ಇಪ್ಪತ್ತು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ ಭಕ್ತಿಗೀತೆ ಮಾರಿ ಅಂಗಡಿ ಬಾಡಿಗೆ ಕಟ್ಟುತ್ತಿದ್ದೆ. ಉಳಿದ ದಿನ ನನಗೆ ಇಷ್ಟವಾದದ್ದನ್ನು ಕೇಳುತ್ತಿದ್ದೆ. ಇವತ್ತು ಪಂಕ್ ಸಂಗೀತದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಸಮಯ ಕಡಿಮೆ, ಹಾಗಾಗಿ ಒಂದೇ ಮಾತು. ಹಳೆಯ ತಂಡ ಹೊಸ ಆಲ್ಬಂ ತಂದರೆ, ಮೂರು ಸಲ ಕೇಳಿ. ಆಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಿ.

ಪಂಕ್ ಅಂದರೆ ಏನು? ಜೋರು, ವೇಗ, ಸಿಟ್ಟು. ಎರಡು ಮೂರು ನಿಮಿಷಕ್ಕೆ ಹಾಡು ಮುಗಿಯಬೇಕು. ಗಿಟಾರ್ ಪೂರ್ತಿ ಕಲಿತಿರಬೇಕು ಅಂತೇನಿಲ್ಲ, ಹೇಳುವುದಕ್ಕೆ ಏನಾದರೂ ಇದ್ದರೆ ಸಾಕು. ಲಂಡನ್ನಿನಲ್ಲಿ 1976ರಲ್ಲಿ ಹುಟ್ಟಿದ ಒಂದು ತಂಡ ಇದೆ. ಹೆಸರು ದಿ ಡ್ಯಾಮ್ಡ್. ಬ್ರಿಟನ್ನಿನ ಪಂಕ್ ತಂಡಗಳಲ್ಲಿ ಮೊದಲು ಹಾಡಿನ ತಟ್ಟೆ ತಂದವರು ಇವರು, 1976ರ ಅಕ್ಟೋಬರ್‌ನಲ್ಲಿ. ಮೊದಲು ಪೂರ್ತಿ ಆಲ್ಬಂ ತಂದವರೂ ಇವರೇ, 1977ರ ಫೆಬ್ರವರಿಯಲ್ಲಿ. ಹಾಡುವವನು ಡೇವ್ ವೇನಿಯನ್. ಮೊದಲು ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸದಲ್ಲಿದ್ದವನು. ವೇದಿಕೆಗೆ ಬಂದರೆ ಮುಖಕ್ಕೆ ಬಿಳಿ ಬಣ್ಣ, ಮೈಗೆ ಕಪ್ಪು ಬಟ್ಟೆ.

ಆ ಮೊದಲ ಆಲ್ಬಂ ಅರ್ಧ ಗಂಟೆಗೆ ಸ್ವಲ್ಪ ಜಾಸ್ತಿ. ಬಿರುಗಾಳಿ ಹಾಗೆ ಬಂದು ಹೋಗುತ್ತದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಅದೇ ವರ್ಷದ ಕೊನೆಗೆ ಎರಡನೆಯ ಆಲ್ಬಂ ಬಂತು. ಅದನ್ನು ಮಾಡಿಸಿದ್ದು ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್. ವಿಮರ್ಶಕರು ಬೈದರು, ಜನ ಕೊಳ್ಳಲಿಲ್ಲ, ಕಂಪನಿ ಕೈಬಿಟ್ಟಿತು, 1978ರ ಹೊತ್ತಿಗೆ ತಂಡವೇ ಒಡೆದುಹೋಯಿತು. ಒಂದೇ ವರ್ಷದಲ್ಲಿ ಇಷ್ಟೆಲ್ಲ! ಮತ್ತೆ ಸೇರಿ 1979ರಲ್ಲಿ ಮೂರನೆಯದು ತಂದಾಗ ಬೈದವರೇ ಹೊಗಳಿದರು. ಅಷ್ಟು ಹೊತ್ತಿಗೆ ಮೊದಲಿನ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದ ಬ್ರಯಾನ್ ಜೇಮ್ಸ್ ತಂಡದಲ್ಲೇ ಇರಲಿಲ್ಲ. ಬಾಸ್ ನುಡಿಸುತ್ತಿದ್ದ ಕ್ಯಾಪ್ಟನ್ ಸೆನ್ಸಿಬಲ್ ಗಿಟಾರ್ ಹಿಡಿದಿದ್ದ. ಅಂದರೆ ತಂಡ ಬದಲಾಗಿತ್ತು, ಬದಲಾಗಿದ್ದೇ ಒಳ್ಳೆಯದಾಗಿತ್ತು.

ಈಗ ನನ್ನ ಅಂಗಡಿಗೆ ಬನ್ನಿ. 1986ನೇ ಇಸವಿ. ಸಕಲೇಶಪುರದ ಕಡೆಯ ತೋಟದ ಹುಡುಗ ಒಬ್ಬ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಚಿಕ್ಕಪ್ಪ ಇಂಗ್ಲೆಂಡಿನಿಂದ ಎರಡು ಎಲ್‌ಪಿ ತಂದುಕೊಟ್ಟಿದ್ದರು. ಒಂದು ಇವರ ಮೊದಲ ಆಲ್ಬಂ. ಇನ್ನೊಂದು ಆಗಷ್ಟೇ, 1985ರಲ್ಲಿ ಬಂದಿದ್ದ ಫ್ಯಾಂಟಸ್ಮಗೋರಿಯಾ. ಮನೆಯಲ್ಲಿ ತಟ್ಟೆ ಹಾಕುವ ಯಂತ್ರ ಇಲ್ಲ, ಟೇಪ್ ರೆಕಾರ್ಡರ್ ಇದೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಎರಡನ್ನೂ ತುಂಬಿಸಿಕೊಟ್ಟೆ. ಎ ಕಡೆ ಹಳೆಯದು, ಬಿ ಕಡೆ ಹೊಸದು.

ನಾಲ್ಕನೇ ದಿನಕ್ಕೆ ಬಂದ. ಮುಖ ಕೆಂಪಗಿತ್ತು. "ಅಣ್ಣಾ, ಬಿ ಕಡೆ ಇರೋದು ಅವರಲ್ಲ. ಬೇರೆ ಯಾರದ್ದೋ ಹಾಕಿಕೊಟ್ಟಿದ್ದೀರಾ" ಅಂದ. ಅವರದ್ದೇ ಅಂತ ಎಲ್‌ಪಿ ಕವರ್ ತೋರಿಸಿದೆ. ಹುಡುಗನ ತಪ್ಪೂ ಅಲ್ಲ. ಕ್ಯಾಪ್ಟನ್ ಸೆನ್ಸಿಬಲ್ ತಂಡ ಬಿಟ್ಟಿದ್ದ. ಓಟದ ವೇಗ ಹೋಗಿ ಕೀಬೋರ್ಡ್ ಬಂದಿತ್ತು. ವೇನಿಯನ್ ಕೂಗುವುದನ್ನು ಬಿಟ್ಟು ತುಂಬು ಗಂಟಲಲ್ಲಿ ಹಾಡುತ್ತಿದ್ದ. ಅಲ್ಲಿನ ಹಳೆಯ ಅಭಿಮಾನಿಗಳೂ ಇದನ್ನೇ ಹೇಳಿ ಮುನಿಸಿಕೊಂಡಿದ್ದರು. ಆದರೆ ಕೊಂಡವರು ಜಾಸ್ತಿ. ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಅದು 11ನೇ ಸ್ಥಾನಕ್ಕೆ ಹೋಯಿತು. ಅಲ್ಲಿಯವರೆಗೆ ಇವರ ಯಾವ ಆಲ್ಬಮ್ಮೂ ಅಷ್ಟು ಮೇಲೆ ಹೋಗಿರಲಿಲ್ಲ.

ಹುಡುಗನಿಗೆ ಪಟ್ಟಿ ಬೇಕಿರಲಿಲ್ಲ. "ಅಳಿಸಿಬಿಡಿ ಅಣ್ಣಾ, ಬೇರೆ ಏನಾದರೂ ಹಾಕಿ" ಅಂತ ಕ್ಯಾಸೆಟ್ ಟೇಬಲ್ ಮೇಲೆ ಇಟ್ಟ. ಎಷ್ಟು ಸಲ ಕೇಳಿದೆ ಅಂತ ಕೇಳಿದೆ. "ಒಂದು ಸಲ. ಅದೂ ಪೂರ್ತಿ ಇಲ್ಲ."

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಮೂಲೆಗೆ ಎರಡು ಸಣ್ಣ ಪ್ಲಾಸ್ಟಿಕ್ ಎಸಳು ಇರುತ್ತವೆ, ನೆನಪಿದೆ ಅಲ್ವಾ? ಅದನ್ನು ಮುರಿದರೆ ಆ ಕಡೆಗೆ ರೆಕಾರ್ಡ್ ಬಟನ್ ಕೆಳಗೇ ಇಳಿಯುವುದಿಲ್ಲ, ಅಳಿಸಲು ಆಗುವುದಿಲ್ಲ. ಬಿ ಕಡೆ ಮೇಲೆ ಮಾಡಿ ಹಿಡಿದು, ಎಡಗಡೆಯ ಎಸಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಟಕ್ ಅಂತ ಮುರಿಯಿತು. "ಮೂರು ಸಲ ಪೂರ್ತಿ ಕೇಳಿ ಬಾ. ಆಮೇಲೂ ಬೇಡ ಅಂದರೆ ಹೊಸ ಕ್ಯಾಸೆಟ್ ನಾನು ಕೊಡುತ್ತೇನೆ" ಅಂದೆ. ಮಾತಾಡದೆ ಎತ್ತಿಕೊಂಡು ಹೋದ.

ಮಳೆ ಹಿಡಿಯಿತು. ರಜೆಗೆ ತೋಟಕ್ಕೆ ಹೋದವನು ಎರಡು ತಿಂಗಳು ಪತ್ತೆ ಇಲ್ಲ. ಆ ಕಡೆ ಮಳೆ ನಿಮಗೆ ಗೊತ್ತು. ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ. ಬ್ಯಾಟರಿ ಹಾಕಿದ ಟೇಪ್ ರೆಕಾರ್ಡರ್, ಹಂಚಿನ ಮೇಲೆ ಮಳೆ ಸದ್ದು, ಕೈಯಲ್ಲಿ ಒಂದೇ ಕ್ಯಾಸೆಟ್. ಮಳೆ ಬಿಟ್ಟ ಮೇಲೆ ಬಂದ. ಕ್ಯಾಸೆಟ್ ಮುಂದಿಟ್ಟು, "ಅಣ್ಣಾ, ಸರಿಯಾಗಿ ಕೇಳ್ತಿಲ್ಲ, ನೋಡಿ" ಅಂದ. ರೀಲಿನ ಹಿಂದೆ ತಾಮ್ರದ ಪಟ್ಟಿ ಮೇಲೆ ಚೂರು ಸ್ಪಾಂಜ್ ಇರುತ್ತದಲ್ಲ, ಅದು ಸವೆದು ಕಿತ್ತುಬಂದಿತ್ತು. ರೀಲು ನಿಂತಿದ್ದದ್ದು ಬಿ ಕಡೆ ಅರ್ಧದಲ್ಲಿ. ಎಷ್ಟು ಸಲ ಕೇಳಿದೆ ಅಂತ ನಾನು ಕೇಳಲಿಲ್ಲ. ಹೊಸ ಸ್ಪಾಂಜ್ ಅಂಟಿಸಿಕೊಟ್ಟೆ.

ಈ ಕತೆಗೇ ಜಾಸ್ತಿ ಹೊತ್ತು ಹೋಯಿತು. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಪರವಾಗಿಲ್ಲ, ಹೇಳಬೇಕಾದದ್ದು ಅದೇ. ಉಳಿದದ್ದನ್ನು ಬೇಗ ಹೇಳುತ್ತೇನೆ.

2018ರಲ್ಲಿ ಇವರ ಈವಿಲ್ ಸ್ಪಿರಿಟ್ಸ್ ಬಂತು. ಹತ್ತು ವರ್ಷದ ನಂತರ ಬಂದ ಆಲ್ಬಂ. ಕ್ಯಾಪ್ಟನ್ ಸೆನ್ಸಿಬಲ್ ಯಾವತ್ತೋ ವಾಪಸ್ ಬಂದಿದ್ದ. 1980ರ ಸುಮಾರಿಗೆ ಬಾಸ್ ನುಡಿಸುತ್ತಿದ್ದ ಪಾಲ್ ಗ್ರೇ ಕೂಡ ಮತ್ತೆ ಸೇರಿದ್ದ. ಮಾಡಿಸಿದ್ದು ಹೆಸರಾಂತ ಬ್ರಿಟಿಷ್ ಗಾಯಕ ಡೇವಿಡ್ ಬೋವಿಯ ಆಲ್ಬಂಗಳನ್ನು ಮಾಡಿಸಿದ ಟೋನಿ ವಿಸ್ಕಾಂಟಿ. ಖರ್ಚಿಗೆ ಅಭಿಮಾನಿಗಳೇ ಮುಂಗಡ ದುಡ್ಡು ಹಾಕಿದ್ದರು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ರಾಗ ಇದೆ, ವೇನಿಯನ್ ಗಂಟಲು ಇನ್ನೂ ಗಟ್ಟಿ ಇದೆ, ಅರವತ್ತರ ದಶಕದ ಹಾಡುಗಳ ಸೊಗಸು ಇದೆ ಅಂದರು. ಇದರಲ್ಲಿ ಪಂಕ್ ಎಲ್ಲಿ ಅಂತ ಕೇಳಿದವರೂ ಇದ್ದರು. ನಲವತ್ತು ವರ್ಷದಿಂದ ಕೇಳುತ್ತಲೇ ಇದ್ದಾರೆ. ಇಪ್ಪತ್ತರ ಹುಡುಗರ ಸಿಟ್ಟನ್ನು ಅರವತ್ತು ದಾಟಿದವರು ಹಾಗೇ ಹಾಡಿದರೆ ಅದು ಸುಮ್ನೆ ವೇಷ ಆಗುತ್ತದೆ. ಅದು ಯಾಕೆ ತಿಳಿಯುವುದಿಲ್ಲವೋ! ಆ ಆಲ್ಬಂ ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೆ ಹೋಯಿತು. ಮೊದಲ ಹತ್ತರೊಳಗೆ ಇವರ ಆಲ್ಬಂ ಬಂದದ್ದು ಅದೇ ಮೊದಲು, ತಂಡ ಹುಟ್ಟಿ 42 ವರ್ಷ ಆದ ಮೇಲೆ. ದಯವಿಟ್ಟು ಮೂರು ಸಲ ಕೇಳಿ.

ಆ ಹುಡುಗನಿಗೂ ಈಗ ತಲೆ ನರೆತಿದೆ. ತೋಟ ನೋಡಿಕೊಂಡಿದ್ದಾನೆ. ಮುಂಗಡ ದುಡ್ಡು ಹಾಕಿದವರಲ್ಲಿ ಅವನೂ ಒಬ್ಬ. ಆಲ್ಬಂ ಬಂದ ದಿನ ರಾತ್ರಿ ಫೋನ್ ಮಾಡಿದ. ಹೇಗಿದೆ ಅಂದೆ.

"ಈಗಲೇ ಕೇಳಬೇಡಿ ಅಣ್ಣಾ. ಇನ್ನೂ ಎರಡು ಸಲ ಬಾಕಿ ಇದೆ" ಅಂದ.

ನಮಸ್ಕಾರ.